ಭಾರ ಯಾವ ಕಾಲಿನ ಮೇಲಿದೆ? ನಗ್ನಾಕೃತಿ ಬರೆಯುತ್ತ, ಕಲಿಸುತ್ತ ದಕ್ಕಿದ ಪಾಠಗಳು

ಚಿತ್ರಕಲೆ ಕಲಿಯಲು ಬರುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಸರ್, ನಾವು ಬರೆಯಬೇಕಾದದ್ದು ಇವತ್ತಿನ ಮನುಷ್ಯರನ್ನು. ಗ್ರೀಕರ ಮೂರ್ತಿಗಳನ್ನೂ ಫ್ಲಾರೆನ್ಸಿನವರ ಚಿತ್ರಗಳನ್ನೂ ನೋಡುತ್ತ ಕೂತು ಏನು ಬಂತು?" ಪ್ರಶ್ನೆ ನ್ಯಾಯವಾದದ್ದೇ. ಆದರೆ ರೋಡಿನ್, ದೆಗಾ, ಸೆಜಾನ್, ಮಾತಿಸ್, ಪಿಕಾಸೊ ಎಂದು ನಾವು ಆಧುನಿಕರ ಹೆಸರು ಹೇಳುತ್ತೇವಲ್ಲ, ಅವರೆಲ್ಲ ಬೆತ್ತಲೆ ದೇಹವನ್ನು ಬರೆಯಲು ಕಲಿತದ್ದು ಆ ಹಳೆಯ ಮೂರ್ತಿಗಳ ಎದುರಿಗೆ ಕೂತೇ. ಅಲ್ಲಿಂದ ಅವರು ಎತ್ತಿಕೊಂಡದ್ದರಲ್ಲಿ ಚೆಲುವಿನ ಪಾಲು ಕಡಿಮೆ. ದೇಹ ನೆಲದ ಮೇಲೆ ಹೇಗೆ ನಿಲ್ಲುತ್ತದೆ, ಹೇಗೆ ತಿರುಗುತ್ತದೆ, ಎಲ್ಲಿ ಆತುಕೊಳ್ಳುತ್ತದೆ ಎಂಬ ತಿಳಿವಳಿಕೆಯೇ ಅವರಿಗೆ ಬೇಕಾಗಿದ್ದದ್ದು. ನನಗೂ ಆ ಕಡೆಯಿಂದ ಬಂದದ್ದು ಅದೇ. ವರ್ಷಗಳ ಕಾಲ ಇದ್ದಿಲು ಹಿಡಿದು ಬರೆದು, ಬೇರೆಯವರಿಂದ ಬರೆಸಿ ತಿಳಿದುಕೊಂಡದ್ದನ್ನು ಕಲಿಯುವವರಿಗಾಗಿ ಇಲ್ಲಿ ಇಡುತ್ತಿದ್ದೇನೆ.

1. ಮೊದಲು ಪಾದ ನೋಡಿ

ಕಾಗದದ ಮೇಲೆ ಮೊದಲ ಗೆರೆ ಎಳೆಯುವ ಮುಂಚೆ ಮಾಡೆಲ್‌ನ ಪಾದಗಳನ್ನು ನೋಡಿ. ಹೊಸಬರು ಮುಖದಿಂದ ಶುರುಮಾಡುತ್ತಾರೆ. ಮುಖ ಸೊಗಸಾಗಿ ಬಂದಿರುತ್ತದೆ, ಮನುಷ್ಯ ಮಾತ್ರ ಗಾಳಿಯಲ್ಲಿ ತೂಗುತ್ತಿರುತ್ತಾನೆ. ಭಾರ ಯಾವ ಕಾಲಿನ ಮೇಲಿದೆ ಎಂಬುದು ಗೊತ್ತಾಗದೆ ಉಳಿದದ್ದೇನೂ ಸರಿಬರುವುದಿಲ್ಲ.

ಯುರೋಪಿನ ಕಲೆಯಲ್ಲಿ ಈ ಗಂಟನ್ನು ಬಿಡಿಸಿದವರು ಗ್ರೀಕರು. ಕ್ರಿ.ಪೂ. 6ನೆಯ ಶತಮಾನದ ಅವರ ತರುಣರ ಮೂರ್ತಿಗಳಲ್ಲಿ, ಕೂರೋಸ್‌ಗಳಲ್ಲಿ, ಎಡಗಾಲು ಮುಂದಿದ್ದರೂ ಸೊಂಟ ಒಂದೇ ಮಟ್ಟದಲ್ಲಿದೆ. ಭಾರ ಎರಡು ಕಾಲಿಗೂ ಸಮವಾಗಿ ಹಂಚಿಹೋಗಿದೆ. ಕ್ರಿ.ಪೂ. 480ರ ಸುಮಾರಿನ ‘ಕ್ರಿಟಿಯೋಸ್ ಬಾಲಕ’ನ ಹೊತ್ತಿಗೆ ಇದು ಬದಲಾಗುತ್ತದೆ. ಅಥೆನ್ಸಿನ ಆಕ್ರೊಪೊಲಿಸ್ ಮ್ಯೂಸಿಯಮ್ಮಿನಲ್ಲಿರುವ ಈ ಹುಡುಗ ಎಡಗಾಲಿನ ಮೇಲೆ ನಿಂತು ಬಲಗಾಲನ್ನು ಸಡಿಲ ಬಿಟ್ಟಿದ್ದಾನೆ. ಅಷ್ಟಕ್ಕೇ ಸೊಂಟ ಓರೆಯಾಗಿದೆ, ತಲೆ ತುಸು ತಿರುಗಿದೆ, ಕಲ್ಲಿಗೆ ಉಸಿರು ಬಂದಿದೆ. ಕೆಲವು ದಶಕಗಳ ನಂತರ ಪಾಲಿಕ್ಲೀಟಸ್ ಎಂಬ ಶಿಲ್ಪಿ ಭರ್ಜಿ ಹೊತ್ತ ತರುಣನನ್ನು, ‘ಡೊರಿಫೊರಸ್’ ಅನ್ನು, ಕಂಚಿನಲ್ಲಿ ಎರಕ ಹೊಯ್ದು ಇದನ್ನು ಒಂದು ನಿಯಮವಾಗಿಯೇ ನಿಲ್ಲಿಸಿದ. ಮೂಲ ಕಂಚು ಉಳಿದಿಲ್ಲ. ಪಾಂಪೇಯಿಯಲ್ಲಿ ಸಿಕ್ಕ ಅದರ ಅಮೃತಶಿಲೆಯ ಪ್ರತಿ ನೇಪಲ್ಸ್ ಮ್ಯೂಸಿಯಮ್ಮಿನಲ್ಲಿದೆ.

ನಿಯಮ ಇಷ್ಟು: ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ, ಅದೇ ಕಡೆಯ ಹೆಗಲು ಕೆಳಗಿಳಿಯುತ್ತದೆ. ಆ ಪಕ್ಕೆ ಮಡಿಚಿಕೊಳ್ಳುತ್ತದೆ, ಎದುರು ಪಕ್ಕೆ ಎಳೆದುಕೊಳ್ಳುತ್ತದೆ. ನಡುವೆ ಬೆನ್ನೆಲುಬು ಬಾಗಿ ಎರಡನ್ನೂ ಸರಿದೂಗಿಸುತ್ತದೆ. ಇಟಲಿಯವರು ಇದನ್ನು ಕಾಂಟ್ರಪೋಸ್ಟೊ ಎಂದರು. ಪುನರುಜ್ಜೀವನ ಕಾಲದ ಇಟಲಿಯವರಿಗೆ ಪಾಲಿಕ್ಲೀಟಸ್‌ನ ಭರ್ಜಿಧಾರಿ ಯಾವ ಮೂರ್ತಿ ಎಂದು ಗೊತ್ತಿರಲಿಲ್ಲ, ವಿದ್ವಾಂಸರು ಗುರುತು ಹಿಡಿದದ್ದೇ 1863ರಲ್ಲಿ. ಆದರೂ ರೋಮಿನ ನೆಲದಿಂದ ಎದ್ದುಬಂದ ಬೇರೆ ಮೂರ್ತಿಗಳಿಂದ ಆ ನಿಲುವನ್ನು ಅವರು ಕಲಿತರು. ಡೊನಾಟೆಲೊನ ಕಂಚಿನ ಡೇವಿಡ್, 1504ರಲ್ಲಿ ಮುಗಿದ ಮೈಕೆಲ್ಯಾಂಜೆಲೊನ ಡೇವಿಡ್, ಇಬ್ಬರೂ ಆ ನಿಲುವಿನ ಮಕ್ಕಳು.

ಕನ್ನಡದ ವಿದ್ಯಾರ್ಥಿಗೆ ಇದನ್ನು ಮನಗಾಣಿಸಲು ನಾನು ಶ್ರವಣಬೆಳಗೊಳದ ಬಾಹುಬಲಿಯ ಫೋಟೋವನ್ನು ಡೊರಿಫೊರಸ್‌ನ ಪಕ್ಕದಲ್ಲಿಡುತ್ತೇನೆ. ಎರಡೂ ಬೆತ್ತಲೆ ಗಂಡು ದೇಹ, ಎರಡೂ ನಿಂತ ಭಂಗಿ. ಚಾವುಂಡರಾಯ ಮಾಡಿಸಿದ 10ನೆಯ ಶತಮಾನದ ಆ ಮೂರ್ತಿ ಕಾಯೋತ್ಸರ್ಗದಲ್ಲಿದೆ: ಎರಡು ಪಾದವೂ ಸಮ, ಹೆಗಲು ಸಮ, ತೋಳು ನೇರ. ದೇಹದ ಮೋಹವನ್ನು ಬಿಟ್ಟವನಿಗೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವ ಅಗತ್ಯವಿಲ್ಲ. ಡೊರಿಫೊರಸ್ ಮುಂದಿನ ಹೆಜ್ಜೆ ಇಡಲಿರುವವನು. ನಿಲುವು ಬದಲಾದರೆ ಅರ್ಥವೇ ಬದಲಾಗುತ್ತದೆ ಎಂಬುದನ್ನು ಈ ಎರಡು ಮೂರ್ತಿಗಳಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳಿಕೊಟ್ಟದ್ದನ್ನು ನಾನು ಕಂಡಿಲ್ಲ. ಗ್ರೀಕರದ್ದು ಮುಂದುವರಿದದ್ದು, ನಮ್ಮದು ಹಿಂದುಳಿದದ್ದು ಎಂದು ಬರೆಯುವ ಹಳೆಯ ಪುಸ್ತಕಗಳನ್ನು ನಂಬಬೇಡಿ.

ಇನ್ನು ಕೈಕೆಲಸದ ಮಾತು. ಗಾರೆ ಮೇಸ್ತ್ರಿಗಳು ಗೋಡೆ ನೇರವಿದೆಯೇ ಎಂದು ನೋಡುವ ತೂಗುಗುಂಡನ್ನು ತರಗತಿಯಲ್ಲಿ ಇಟ್ಟುಕೊಳ್ಳಿ. ದಾರದ ತುದಿಗೆ ಒಂದು ನಟ್ಟು ಕಟ್ಟಿದರೂ ನಡೆಯುತ್ತದೆ. ಮಾಡೆಲ್‌ನ ಕತ್ತಿನ ಗುಳಿಗೆ ಸರಿಯಾಗಿ ದಾರವನ್ನು ಕಣ್ಣೆದುರು ಹಿಡಿಯಿರಿ. ಒಂದು ಕಾಲಿನ ಮೇಲೆ ಆರಾಮಾಗಿ ನಿಂತವರಲ್ಲಿ ದಾರ ಭಾರ ಹೊತ್ತ ಪಾದದ ಕಣಕಾಲಿನ ಹತ್ತಿರ ಬೀಳುತ್ತದೆ. ಎರಡು ಪಾದಗಳ ನಡುವೆ ಎಲ್ಲೋ ಬಿದ್ದರೆ ಭಾರ ಹಂಚಿಹೋಗಿದೆ. ಈ ಒಂದು ಗೆರೆ, ಆಮೇಲೆ ಸೊಂಟದ ಓರೆ, ಹೆಗಲಿನ ಓರೆ. ಮೂರು ಗೆರೆ ಹಾಕಿದ ಮೇಲೆ ಉಳಿದದ್ದಕ್ಕೆ ಕೈ ಹಾಕಿ.

2. ಅಳತೆ ಕಲಿಯಿರಿ, ಎದುರಿಗಿರುವವರ ಮೇಲೆ ಹೇರಬೇಡಿ

ಲಿಯೊನಾರ್ಡೊ 1490ರ ಸುಮಾರಿಗೆ ಬರೆದ ವಿಟ್ರೂವಿಯನ್ ಮನುಷ್ಯನನ್ನು ನೋಡದವರಿಲ್ಲ. ವೃತ್ತ ಮತ್ತು ಚೌಕದೊಳಗೆ ಕೈಕಾಲು ಚಾಚಿ ನಿಂತ ಆ ಚಿತ್ರ ವೆನಿಸ್‌ನ ಅಕಾಡೆಮಿಯಲ್ಲಿದೆ. ಅದರ ಹಿಂದಿರುವುದು ರೋಮಿನ ವಾಸ್ತುಕಾರ ವಿಟ್ರೂವಿಯಸ್ ಕೊಟ್ಟ ಲೆಕ್ಕ: ಕೂದಲಿನ ಅಂಚಿನಿಂದ ಗಲ್ಲದವರೆಗಿನ ಮುಖ ಎತ್ತರದ ಹತ್ತನೆಯ ಒಂದು ಭಾಗ, ಇಡೀ ತಲೆ ಎಂಟನೆಯ ಒಂದು ಭಾಗ. ನಮ್ಮ ಶಿಲ್ಪಶಾಸ್ತ್ರದ ತಾಲಮಾನವೂ ಮುಖದ ಉದ್ದವನ್ನೇ ಮಾನವಾಗಿ ಹಿಡಿದು ನವತಾಲ, ದಶತಾಲ ಎಂದು ಎಣಿಸುತ್ತದೆ. ದೂರದ ಎರಡು ಪರಂಪರೆಗಳು ಮೈಯನ್ನು ಮುಖದಿಂದ ಅಳೆದದ್ದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಇಲ್ಲಿ ನನಗೆ ದೊಡ್ಡ ಗುರು ಡ್ಯೂರರ್. ನ್ಯೂರೆಂಬರ್ಗಿನ ಈ ಕಲಾವಿದ 1504ರಲ್ಲಿ ಕೆತ್ತಿದ ‘ಆದಮ್ ಮತ್ತು ಈವ್’ ಮುದ್ರಣದಲ್ಲಿ ಪರಿಪೂರ್ಣ ಅಳತೆಯ ಒಂದು ಗಂಡು, ಒಂದು ಹೆಣ್ಣನ್ನು ಹುಡುಕುತ್ತಿದ್ದ. ಆದಮ್‌ನ ನಿಲುವಿನ ಹಿಂದೆ ವ್ಯಾಟಿಕನ್‌ನ ‘ಅಪೊಲೊ ಬೆಲ್ವೆಡೇರ್’ ಇದೆ. ಆದರೆ ಅವನು ತೀರಿಕೊಂಡ ವರ್ಷ, 1528ರಲ್ಲಿ, ಹೊರಬಂದ ಮಾನವ ಅಳತೆಯ ನಾಲ್ಕು ಪುಸ್ತಕಗಳಲ್ಲಿ ಆ ಒಂದೇ ಪರಿಪೂರ್ಣ ದೇಹ ಕಾಣುವುದಿಲ್ಲ. ಏಳು ತಲೆ ಎತ್ತರದ ಗಟ್ಟಿಮುಟ್ಟು ಹಳ್ಳಿಗರಿಂದ ಹತ್ತು ತಲೆ ಎತ್ತರದ ಸಪೂರ ಮೈಗಳವರೆಗೆ ಬಗೆಬಗೆಯ ಗಂಡು ಹೆಣ್ಣುಗಳಿದ್ದಾರೆ. ಜೀವಮಾನವಿಡೀ ಅಳೆದವನು ಕೊನೆಗೆ ವೈವಿಧ್ಯಕ್ಕೆ ತಲುಪಿದ. ಕಲಿಯುವವರು ಡ್ಯೂರರ್‌ನ ಈ ಇಡೀ ದಾರಿಯನ್ನು ನಡೆಯಬೇಕು: ಮೊದಲು ಎಂಟು ತಲೆಯ ಲೆಕ್ಕ ಬಾಯಿಪಾಠವಾಗಲಿ, ಆಮೇಲೆ ಎದುರಿಗಿರುವ ಅಜ್ಜಿಯ ಮೈ ಆರೂವರೆ ತಲೆ ಎಂದು ಪೆನ್ಸಿಲ್ ಹೇಳಿದರೆ ಪೆನ್ಸಿಲ್ಲನ್ನೇ ನಂಬಿ.

3. ಸ್ನಾಯುವಿಗಿಂತ ಮೊದಲು ಮೂಳೆ

ಆಲ್ಬರ್ಟಿ 1435ರಲ್ಲಿ ಚಿತ್ರಕಾರರಿಗೆ ಕೊಟ್ಟ ಸಲಹೆ ಇಂದಿಗೂ ಹಳಸಿಲ್ಲ. ಬಟ್ಟೆ ತೊಟ್ಟವನನ್ನು ಬರೆಯುವುದಾದರೂ ಮೊದಲು ಬೆತ್ತಲೆ ಬರೆ, ಬೆತ್ತಲೆ ಬರೆಯುವುದಕ್ಕೂ ಮೊದಲು ಒಳಗಿನ ಮೂಳೆ ಇಡು ಎಂಬುದು ಅದರ ಸಾರ. ಇದನ್ನು ಅತಿಗೆ ಒಯ್ದವರೂ ಇದ್ದರು. ಪೊಲ್ಲಾಯುವೊಲೊನ ‘ಬೆತ್ತಲೆಯವರ ಕಾಳಗ’ ಎಂಬ ಮುದ್ರಣದಲ್ಲಿ ಹತ್ತು ಗಂಡಸರ ಮೈಮೇಲಿನ ಒಂದೊಂದು ಸ್ನಾಯುವೂ ಬಿಗಿದು ನಿಂತಿದೆ. ಎಲ್ಲ ಸ್ನಾಯುಗಳನ್ನೂ ಒಟ್ಟಿಗೆ ಉಬ್ಬಿಸಿ ಬರೆದರೆ ಮೈ ಆಕ್ರೋಟು ತುಂಬಿದ ಚೀಲದ ಹಾಗೆ ಕಾಣುತ್ತದೆ ಎಂದು ಲಿಯೊನಾರ್ಡೊ ಎಚ್ಚರಿಸಿದ್ದ. ಜಿಮ್‌ನ ಪೋಸ್ಟರ್ ನೋಡಿ ಬೆಳೆದ ಇಂದಿನ ಹುಡುಗರಿಗೆ ಈ ಎಚ್ಚರಿಕೆ ಹೆಚ್ಚು ಬೇಕು.

ದಪ್ಪ, ಸಣಕಲು, ಮುದಿ, ಎಳೆ ಯಾವ ಮೈಯಲ್ಲೂ ಚರ್ಮದ ಹತ್ತಿರವೇ ಇರುವ ಮೂಳೆಗಳಿವೆ: ಕೊರಳೆಲುಬಿನ ಎರಡು ತುದಿ, ಸೊಂಟದ ಮುಂದಿನ ಎರಡು ಮೊನೆ, ಮಂಡಿಚಿಪ್ಪು, ಕಣಕಾಲಿನ ಒಳಗಂಟು ಹೊರಗಂಟು. ಹೊರಗಂಟು ಯಾವಾಗಲೂ ಒಳಗಂಟಿಗಿಂತ ಕೆಳಗಿರುತ್ತದೆ. ಇವುಗಳನ್ನು ಚುಕ್ಕೆ ಇಟ್ಟು ಕೂಡಿಸಿದರೆ ಮೈ ತಾನಾಗಿ ನಿಲ್ಲುತ್ತದೆ.

4. ನಕಲು ಎಂದರೆ ಪ್ರಶ್ನೆ ಕೇಳುವುದು

ನಕಲು ಮಾಡುವುದು ಕೀಳು ಎಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ ತಿಳಿಯದು. ಆಧುನಿಕರ ಜೀವನ ನೋಡಿದರೆ ಆ ಭಾವನೆಗೆ ಆಧಾರವೇ ಸಿಗುವುದಿಲ್ಲ. ದೆಗಾ ಲೂವ್ರ್‌ನಲ್ಲಿ ವರ್ಷಗಟ್ಟಲೆ ಹಳಬರನ್ನು ನಕಲು ಮಾಡಿದ, 1856ರಿಂದ ಮೂರು ವರ್ಷ ಇಟಲಿಯಲ್ಲಿದ್ದುಕೊಂಡು ಅದನ್ನೇ ಮುಂದುವರಿಸಿದ. ಪಿಕಾಸೊ ಲಾ ಕೊರುನ್ಯಾದ ಶಾಲೆಯಲ್ಲಿ ಹುಡುಗನಾಗಿದ್ದಾಗಲೇ ಪ್ಲಾಸ್ಟರ್ ಮೂರ್ತಿಗಳ ಕೈ, ಕಾಲು, ಮುಂಡಗಳನ್ನು ಇದ್ದಿಲಿನಲ್ಲಿ ಬರೆದ. ಶಾರ್ಲ್ ಬಾರ್ಗ್ ಎಂಬಾತ ಜೆರೋಮ್ ಜೊತೆ ಸೇರಿ 1866ರಿಂದ 1871ರವರೆಗೆ ಪ್ರಕಟಿಸಿದ ಡ್ರಾಯಿಂಗ್ ಪಾಠದ ಹಾಳೆಗಳಿವೆ, ಅವುಗಳಲ್ಲಿ ಹಲವು ಪ್ರಾಚೀನ ಮೂರ್ತಿಗಳ ಎರಕಗಳವು. ವ್ಯಾನ್ ಗೋ ಕಲಾವಿದನಾಗಲು ತೀರ್ಮಾನಿಸಿದ ಕಾಲದಲ್ಲಿ ಕೂತು ನಕಲು ಮಾಡಿದ್ದು ಆ ಹಾಳೆಗಳನ್ನೇ.

ಸೆಜಾನ್‌ನ ಕಥೆ ಇವರೆಲ್ಲರಿಗಿಂತ ಬೇರೆ. ಎಕ್ಸ್‌ನಂಥ ಸಣ್ಣ ಊರಿನಲ್ಲಿ ಬೆತ್ತಲೆ ಮಾಡೆಲ್‌ಗಳನ್ನು ಕೂರಿಸಿಕೊಳ್ಳಲು ಅವನಿಗೆ ಧೈರ್ಯವಾಗುತ್ತಿರಲಿಲ್ಲ. ಹಾಗಾಗಿ ಅವನ ಸ್ನಾನದ ಹೆಂಗಸರೆಲ್ಲ ಲೂವ್ರ್‌ನ ಮೂರ್ತಿಗಳಿಂದ, ಹಳೆಯ ತರಗತಿಯ ಹಾಳೆಗಳಿಂದ, ಸ್ಟುಡಿಯೋದಲ್ಲಿದ್ದ ಪ್ಲಾಸ್ಟರ್ ಕ್ಯೂಪಿಡ್‌ನಿಂದ ಹುಟ್ಟಿದವರು. 1906ರಲ್ಲಿ ಅವನು ತೀರಿಕೊಂಡಾಗಲೂ ಪೂರ್ತಿಯಾಗದೆ ಉಳಿದಿದ್ದ, ಈಗ ಫಿಲಡೆಲ್ಫಿಯಾದಲ್ಲಿರುವ ‘ಸ್ನಾನದ ಹೆಂಗಸರು’ ಚಿತ್ರ ಮಾತಿಸ್‌ಗೂ ಪಿಕಾಸೊಗೂ ದಾರಿ ತೋರಿಸಿದ ಬಗೆಯದು. ಹಳೆಯ ಶಿಲ್ಪವನ್ನು ನೋಡಿ ನೋಡಿ ಬರೆದವನ ಕೈಯಿಂದಲೇ ಹೊಸ ಕಾಲದ ದೇಹ ಹೊರಬಂತು.

ನಕಲು ಮಾಡುವ ಕ್ರಮವೊಂದನ್ನು ಹೇಳುತ್ತೇನೆ. ಒಂದೇ ಕೃತಿಯನ್ನು ಮೂರು ಸಲ ಬರೆಯಿರಿ. ಮೊದಲ ಸಲ ನೆರಳು ಬೆಳಕು ಬಿಟ್ಟು, ಭಾರದ ಗೆರೆ, ಸೊಂಟ ಹೆಗಲುಗಳ ಓರೆ ಇಷ್ಟೇ. ಎರಡನೆಯ ಸಲ ಅಂಚಿನ ರೇಖೆ: ಅದು ಎಲ್ಲಿ ಗಾಢ, ಎಲ್ಲಿ ತೆಳು, ಎಲ್ಲಿ ಒಂದು ರೇಖೆ ಇನ್ನೊಂದರ ಹಿಂದೆ ಸರಿಯುತ್ತದೆ ಎಂದು ನೋಡುತ್ತ. ಮೂರನೆಯ ಸಲ ಪುಸ್ತಕ ಮುಚ್ಚಿಟ್ಟು ನೆನಪಿನಿಂದ. ನೆನಪಿನ ಹಾಳೆಯಲ್ಲಿ ಏನು ಉಳಿಯಿತೋ ಅಷ್ಟು ನಿಮ್ಮದಾಯಿತು. ನಮ್ಮೂರುಗಳಲ್ಲಿ ಒಳ್ಳೆಯ ಎರಕಗಳು ಸುಲಭವಾಗಿ ಸಿಗವು, ಫೋಟೋ ನೋಡಿಯೇ ಬರೆಯಬೇಕಾಗುತ್ತದೆ. ಹಾಗಿದ್ದರೆ ಒಂದೇ ಮೂರ್ತಿಯ ಮುಂದಿನ, ಪಕ್ಕದ, ಹಿಂದಿನ ಫೋಟೋಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಒಂದೇ ಕೋನದ ಫೋಟೋ ಮೈಯನ್ನು ಚಪ್ಪಟೆ ಮಾಡಿಬಿಡುತ್ತದೆ.

ಬಾಲ್ಯದಲ್ಲಿ ಎರಕ ನೋಡಿ ಬರೆದ ಪಿಕಾಸೊ 1907ರಲ್ಲಿ ದೇಹವನ್ನು ತುಂಡು ತುಂಡಾಗಿ ಒಡೆದ. 1917ರಲ್ಲಿ ರೋಮ್ ಮತ್ತು ನೇಪಲ್ಸ್ ನೋಡಿ ಬಂದವನು ಮುಂದಿನ ವರ್ಷಗಳಲ್ಲಿ ಕಲ್ಲಿನ ಕಂಬದಂಥ ಹೆಂಗಸರನ್ನು ಬರೆದ. 1930ರಿಂದ 1937ರ ನಡುವೆ ಮಾಡಿದ ನೂರು ಎಚಿಂಗ್‌ಗಳ ವೊಲಾರ್ ಮಾಲೆಯಲ್ಲಿ ಗಡ್ಡದ ಶಿಲ್ಪಿ, ಬೆತ್ತಲೆ ಮಾಡೆಲ್, ನಡುವೆ ಒಂದು ಮೂರ್ತಿ ಮತ್ತೆ ಮತ್ತೆ ಬರುತ್ತವೆ. ಗ್ರೀಕ್ ಹೂಜಿಗಳ ಮೇಲಿನ ಚಿತ್ರಗಳ ನೆನಪು ತರುವ ತೆಳು ರೇಖೆ, ನೆರಳು ಬಹಳ ಹಾಳೆಗಳಲ್ಲಿ ಇಲ್ಲವೇ ಇಲ್ಲ. ರೇಖಾಚಿತ್ರ ಕಲಿಯುವವರು ಮನೆಯಲ್ಲಿ ಒಂದೇ ಪುಸ್ತಕ ಇಟ್ಟುಕೊಳ್ಳಬಹುದು ಎಂದರೆ ನಾನು ಈ ಮಾಲೆಯದ್ದನ್ನು ಹೇಳುತ್ತೇನೆ.

5. ಮೈಕೆಲ್ಯಾಂಜೆಲೊನ ಹೆಂಗಸರನ್ನು ಕಣ್ಣು ಬಿಟ್ಟು ನೋಡಿ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಮೈಕೆಲ್ಯಾಂಜೆಲೊ 1510ರ ಸುಮಾರಿಗೆ ಕೆಂಪು ಸೀಮೆಸುಣ್ಣದಲ್ಲಿ ಬರೆದ ಒಂದು ಹಾಳೆ ಇದೆ. ಸಿಸ್ಟೀನ್ ಛಾವಣಿಯ ‘ಲಿಬಿಯಾದ ಕಣಿಗಾರ್ತಿ’ಗಾಗಿ ಮಾಡಿಕೊಂಡ ಅಭ್ಯಾಸ ಅದು. ತಿರುಗಿದ ಬೆನ್ನು, ಎತ್ತಿದ ತೋಳುಗಳು, ಪಕ್ಕದಲ್ಲಿ ಮುಖ ಇನ್ನೊಮ್ಮೆ, ಕೆಳಗೆ ಎಡಗಾಲಿನ ಹೆಬ್ಬೆರಳು ಮತ್ತೆ ಮತ್ತೆ. ಇಡೀ ಮೈಯ ಭಾರ ಆ ಹೆಬ್ಬೆರಳಿನ ಮೇಲೆ ಬೀಳುತ್ತದೆ, ಅದಕ್ಕೇ ಅವನು ಅದನ್ನು ಬಿಡಲಿಲ್ಲ. ನಾನು ಕಂಡ ಡ್ರಾಯಿಂಗ್‌ಗಳಲ್ಲಿ ಇದಕ್ಕಿಂತ ಹೆಚ್ಚು ಕಲಿಸುವುದು ಇನ್ನೊಂದಿಲ್ಲ.

ಆದರೆ ಅವನೆದುರು ಕೂತಿದ್ದವನು ಗಂಡಸು. ಚಿತ್ರದಲ್ಲಿರುವವಳು ಹೆಣ್ಣು. ಆ ಕಾಲದ ಕಾರ್ಯಾಗಾರಗಳಲ್ಲಿ ಕೆಲಸಕ್ಕಿದ್ದ ಹುಡುಗರೇ ಒಬ್ಬರಿಗೊಬ್ಬರು ಮಾಡೆಲ್ ಆಗುತ್ತಿದ್ದರು. ಫ್ಲಾರೆನ್ಸಿನ ಮೆಡಿಚಿ ಸಮಾಧಿಯ ಮೇಲೆ ಮಲಗಿರುವ ‘ರಾತ್ರಿ’ಯನ್ನು ನೋಡಿದರೂ ಗಂಡಿನ ಎದೆಗೆ ಮೊಲೆಗಳನ್ನು ಹೊರಗಿನಿಂದ ಸೇರಿಸಿದಂತಿದೆ. ಮಾತಿಸ್ ನೀಸ್‌ನಲ್ಲಿದ್ದಾಗ ಇದೇ ‘ರಾತ್ರಿ’ಯ ಎರಕವನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡಿದ. ಅವನು ತೆಗೆದುಕೊಂಡದ್ದು ಆ ಮೈಯ ಒತ್ತಾದ ಕಟ್ಟನ್ನು, ಮಡಿಚಿದ ಮಂಡಿಯೂ ಮೊಣಕೈಯೂ ಒಂದಕ್ಕೊಂದು ಉತ್ತರ ಕೊಡುವ ರೀತಿಯನ್ನು. 1952ರಲ್ಲಿ ಬಣ್ಣದ ಕಾಗದ ಕತ್ತರಿಸಿ ಮಾಡಿದ ‘ನೀಲಿ ನಗ್ನೆ’ಯರಲ್ಲೂ ಮಡಿಚಿ ಕೂತ ಮೈಯ ಆ ಕಟ್ಟು ಇದೆ. ಹಿರಿಯರಿಂದ ಹೀಗೆ ಆರಿಸಿ ತೆಗೆದುಕೊಳ್ಳಬೇಕು.

ಇದರ ಇನ್ನೊಂದು ಮುಖವನ್ನು ನನ್ನ ವಿದ್ಯಾರ್ಥಿನಿಯರಿಗೆ ತಪ್ಪದೆ ಹೇಳುತ್ತೇನೆ. ಬೆತ್ತಲೆ ಮೈಯನ್ನು ನೋಡಿ ಬರೆಯುವ ಹಕ್ಕನ್ನು ಯುರೋಪಿನ ಅಕಾಡೆಮಿಗಳು ಶತಮಾನಗಳ ಕಾಲ ಹೆಂಗಸರಿಗೆ ಕೊಡಲಿಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಹುಟ್ಟಿದಾಗ ಸ್ಥಾಪಕರಲ್ಲಿ ಏಂಜೆಲಿಕಾ ಕೌಫ್‌ಮನ್, ಮೇರಿ ಮೋಸರ್ ಎಂಬ ಇಬ್ಬರು ಹೆಂಗಸರಿದ್ದರು. ಕೆಲವೇ ವರ್ಷಗಳ ನಂತರ ಜೊಹಾನ್ ಜೊಫಾನಿ ಅಕಾಡೆಮಿಯ ಸದಸ್ಯರನ್ನು ಬೆತ್ತಲೆ ಮಾಡೆಲ್ ಸುತ್ತ ನಿಲ್ಲಿಸಿ ಚಿತ್ರ ಬರೆದಾಗ ಈ ಇಬ್ಬರಿಗೆ ಕೋಣೆಯಲ್ಲಿ ಜಾಗವಿಲ್ಲ. ಗೋಡೆಯ ಮೇಲಿನ ಎರಡು ಭಾವಚಿತ್ರಗಳಾಗಿ ನೇತಾಡುತ್ತಿದ್ದಾರೆ. ಪ್ಯಾರಿಸಿನ ಎಕೋಲ್ ದೆ ಬೋಜಾರ್ ಹೆಂಗಸರನ್ನು ಸೇರಿಸಿಕೊಂಡದ್ದು 1897ರಲ್ಲಿ. ಇಂಗ್ಲೆಂಡಿನ ಲಾರಾ ನೈಟ್ ಕಲಿಯುವ ಕಾಲದಲ್ಲಿ ಪ್ಲಾಸ್ಟರ್ ಎರಕಗಳನ್ನು ಮಾತ್ರ ಬರೆಯಬೇಕಾಯಿತು. 1913ರಲ್ಲಿ ಅವರು ಬೆತ್ತಲೆ ಹೆಣ್ಣನ್ನು ಚಿತ್ರಿಸುತ್ತ ನಿಂತ ತಮ್ಮನ್ನೇ ಚಿತ್ರಿಸಿದರು.

ಸುಜಾನ್ ವಲಾದಾನ್ ಬೇರೆ ಬಾಗಿಲಿನಿಂದ ಬಂದವರು. ರೆನ್ವಾರ್, ತುಲೂಸ್ ಲೊತ್ರೆಕ್ ಮುಂತಾದವರಿಗೆ ಮಾಡೆಲ್ ಆಗಿ ನಿಲ್ಲುತ್ತ, ಅವರ ಕೈಗಳನ್ನು ನೋಡುತ್ತ ತಾವೇ ಬರೆಯಲು ಕಲಿತರು. ಅವರ ಡ್ರಾಯಿಂಗ್‌ಗಳನ್ನು ಕೊಂಡು ಬೆನ್ನು ತಟ್ಟಿದವನು ದೆಗಾ. ವಲಾದಾನ್ ಬರೆದ ಹೆಣ್ಣುಮೈಗಳಿಗೆ ದಣಿವು ಗೊತ್ತು, ಬೇಸರ ಗೊತ್ತು. ನಮ್ಮ ಅಮೃತಾ ಶೇರ್‌ಗಿಲ್ 1930ರ ದಶಕದ ಮೊದಲ ವರ್ಷಗಳಲ್ಲಿ ಅದೇ ಬೋಜಾರ್‌ನಲ್ಲಿ ಕಲಿಯುತ್ತ ಬರೆದ ನಗ್ನ ಅಭ್ಯಾಸಗಳಿವೆ. 1933ರ ಅವರ ‘ವೃತ್ತಿಪರ ಮಾಡೆಲ್’ ಚಿತ್ರದ ಸೋತ ಮೈಯನ್ನು ನೋಡಿ. ಅಕಾಡೆಮಿಯ ಶಿಸ್ತನ್ನೆಲ್ಲ ಕಲಿತ ಕೈ ಅದು, ಗ್ರೀಕ್ ದೇವತೆಯ ಸುಳಿವೂ ಅಲ್ಲಿಲ್ಲ. ಹಳೆಯ ಪರಂಪರೆಯಲ್ಲಿ ದೊಡ್ಡದೊಂದು ಖಾಲಿ ಇತ್ತು, ಅದನ್ನು ತುಂಬುವ ಕೆಲಸ ಇನ್ನೂ ಮುಗಿದಿಲ್ಲ.

6. ಕಾಗದ ನೋಡದೆ ಬರೆಯಿರಿ

ರೋಡಿನ್ 1876ರಲ್ಲಿ ಇಟಲಿಗೆ ಹೋಗಿ ಮೈಕೆಲ್ಯಾಂಜೆಲೊನನ್ನು ಹತ್ತಿರದಿಂದ ನೋಡಿ ಬಂದ. ಮುಂದೆ ಇಳಿವಯಸ್ಸಿನಲ್ಲಿ ಮಾಡೆಲ್‌ಗಳನ್ನು ಸ್ಟುಡಿಯೋದಲ್ಲಿ ಇಷ್ಟ ಬಂದ ಹಾಗೆ ಓಡಾಡಲು ಬಿಟ್ಟು, ಕಣ್ಣನ್ನು ಅವರ ಮೇಲೇ ನೆಟ್ಟು, ಕಾಗದದ ಕಡೆ ನೋಡದೆ ಪೆನ್ಸಿಲ್ ಓಡಿಸುತ್ತಿದ್ದ. ಪ್ಯಾರಿಸಿನ ರೋಡಿನ್ ಮ್ಯೂಸಿಯಮ್ಮಿನಲ್ಲಿ ಅವನ ಸಾವಿರಾರು ಡ್ರಾಯಿಂಗ್‌ಗಳಿವೆ. ಅದು ಕಣ್ಣಿಗೆ ಹುಡುಗಾಟಿಕೆಯಾಗಿ ಕಂಡರೂ ದೇಹದ ಭಾರವನ್ನು ಜೀವಮಾನವಿಡೀ ಮಣ್ಣಿನಲ್ಲಿ ತಿದ್ದಿದವನಿಗೆ ಮಾತ್ರ ದಕ್ಕುವ ರೇಖೆ. ತರಗತಿಯ ಮೊದಲ ಹತ್ತು ನಿಮಿಷ ಹೀಗೆ ಬರೆಯಿರಿ. ಚಿತ್ರ ಕೆಟ್ಟುಹೋಗಲಿ, ಕಣ್ಣು ಮೈಯ ಅಂಚಿನ ಮೇಲೆ ಇರುವೆಯ ವೇಗದಲ್ಲಿ ಸಾಗಲಿ.

ರೇಖೆಯ ಮಾತು ಬಂದಾಗ ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರನ್ನು ನೆನೆಯಬೇಕು. ಮುಂಬಯಿಯ ಜೆ.ಜೆ. ಸ್ಕೂಲಿನಲ್ಲಿ ಪಾಶ್ಚಾತ್ಯ ಕ್ರಮದ ಶಿಕ್ಷಣ, ಆಮೇಲೆ ಪ್ಯಾರಿಸಿನ ಅಕಾಡೆಮಿ ಜೂಲಿಯನ್. ಅವರು ನರ್ತಕರನ್ನು ಕೆಲವೇ ರೇಖೆಗಳಲ್ಲಿ ಹಿಡಿದರು. ಆ ರೇಖೆಗಳು ಹಗುರ, ಆದರೂ ನರ್ತಕಿಯ ಪಾದ ನೆಲ ಬಿಡುವುದಿಲ್ಲ.

7. ವಿರೂಪಗೊಳಿಸುವ ಹಕ್ಕು ಸಂಪಾದಿಸಬೇಕು

ಆಂಗ್ರ್ 1814ರಲ್ಲಿ ಬರೆದ ‘ಗ್ರಾಂಡ್ ಒದಾಲಿಸ್ಕ್’ನ ಬೆನ್ನು ನೋಡಿ ವಿಮರ್ಶಕರು ಬೆನ್ನೆಲುಬು ಹೆಚ್ಚಾಗಿದೆ ಎಂದು ಲೆಕ್ಕ ಹಾಕಿದ್ದರು. ರಾಫೆಲ್‌ನನ್ನು ಆರಾಧಿಸುತ್ತಿದ್ದ ಅವನಿಗೆ ಮೂಳೆಗಳ ಎಣಿಕೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕತ್ತಿನಿಂದ ಸೊಂಟದವರೆಗೆ ಒಂದೇ ಉಸಿರಿನ ರೇಖೆ ಬೇಕಿತ್ತು, ಅದಕ್ಕೆ ಬೆನ್ನನ್ನು ಉದ್ದ ಮಾಡಿದ. ಮೊದಿಲಿಯಾನಿ 1902ರಲ್ಲಿ ಫ್ಲಾರೆನ್ಸಿನ ನಗ್ನ ಚಿತ್ರಣದ ಶಾಲೆಯಲ್ಲಿ, ಮರುವರ್ಷ ವೆನಿಸ್‌ನಲ್ಲಿ ಕಲಿತು ಪ್ಯಾರಿಸಿಗೆ ಬಂದವನು. ಅವನ 1917ರ ಮಲಗಿದ ಹೆಣ್ಣುಗಳ ಹಿಂದೆ ಜಾರ್ಜೋನೆ, ಟಿಷನ್ ಇದ್ದಾರೆ. ಕತ್ತು ಉದ್ದವಾದರೂ ಸೊಂಟ ಹಾಸಿಗೆಯ ಮೇಲೆ ಒತ್ತಿಕೊಂಡಿದೆ.

ಶೀಲೆ ಇನ್ನೂ ಮುಂದೆ ಹೋದ. ವಿಯೆನ್ನಾ ಅಕಾಡೆಮಿಯಲ್ಲಿ 1906ರಿಂದ 1909ರವರೆಗೆ ಇದ್ದು ಹೊರಬಂದವನು ಕೂತ ಮಾಡೆಲ್‌ನ ಕೆಳಗಿನ ಕುರ್ಚಿಯನ್ನೇ ಚಿತ್ರದಿಂದ ತೆಗೆದುಹಾಕಿದ. ಮಲಗಿದವರನ್ನು ಬರೆದು ಹಾಳೆಯನ್ನು ನಿಲ್ಲಿಸಿದ. ಭಾರ ಎಲ್ಲಿ ಬೀಳುತ್ತದೆ ಎಂದು ಖಚಿತವಾಗಿ ಬಲ್ಲವನು ನೆಲವನ್ನು ಕಿತ್ತುಹಾಕಿದಾಗ ನೋಡುವವರ ಹೊಟ್ಟೆಯಲ್ಲಿ ತಳಮಳ ಏಳುತ್ತದೆ. ಶೀಲೆಯ ಮೊನಚು ಗೆರೆಗಳನ್ನು ಮಾತ್ರ ಅನುಕರಿಸುವವರ ಹಾಳೆಗಳಲ್ಲಿ ಆ ತಳಮಳ ಹುಟ್ಟುವುದಿಲ್ಲ.

8. ನಿಲ್ಲಿಸುವುದನ್ನು ಮುರಿದ ಮೂರ್ತಿಗಳಿಂದ ಕಲಿಯಿರಿ

ವ್ಯಾಟಿಕನ್‌ನ ‘ಬೆಲ್ವೆಡೇರ್ ಮುಂಡ’ಕ್ಕೆ ತಲೆಯಿಲ್ಲ, ತೋಳಿಲ್ಲ, ಮಂಡಿಯ ಕೆಳಗೆ ಕಾಲಿಲ್ಲ. ಅಥೆನ್ಸಿನ ಅಪೊಲೊನಿಯಸ್ ಎಂಬಾತ ಅದರ ಮೇಲೆ ತನ್ನ ಹೆಸರು ಕೆತ್ತಿದ್ದಾನೆ. ಸಿಸ್ಟೀನ್ ಛಾವಣಿಯಲ್ಲಿ ಕೂತ ಬೆತ್ತಲೆ ತರುಣರ ತಿರುಚಿದ ಮೈಗಳಲ್ಲಿ ಈ ಮುಂಡ ಮತ್ತೆ ಮತ್ತೆ ಕಾಣಿಸುತ್ತದೆ. ರೋಡಿನ್‌ನ ‘ನಡೆಯುವ ಮನುಷ್ಯ’ನಿಗೂ ತಲೆ ತೋಳುಗಳಿಲ್ಲ. ಎರಡರಲ್ಲೂ ಏನೋ ಕಡಿಮೆಯಾಗಿದೆ ಎಂದು ಅನ್ನಿಸುವುದಿಲ್ಲ. ಬೆನ್ನು ತಿರುಗಿದ್ದು ಬಂತು, ತೊಡೆ ಭಾರ ಹೊತ್ತದ್ದು ಬಂತು ಎಂದರೆ ಇದ್ದಿಲು ಕೆಳಗಿಡಿ. ಕೈಬೆರಳು, ಕಿವಿ, ಉಗುರು ತುಂಬಿಸಿ ಹಾಳೆ ಹಾಳುಮಾಡಬೇಡಿ.

9. ಬಿಳಿ ಪ್ಲಾಸ್ಟರ್‌ನ ನೆರಳನ್ನು ಕಂದು ಮೈಗೆ ತರಬೇಡಿ

ಇದು ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಪಾಠ. ಗ್ರೀಕ್ ಮತ್ತು ರೋಮನ್ ಮೂರ್ತಿಗಳಿಗೆ ಬಣ್ಣ ಬಳಿದಿರುತ್ತಿತ್ತು. ಶತಮಾನಗಳಲ್ಲಿ ಅದು ಅಳಿಸಿಹೋಗಿ ಬಿಳಿ ಕಲ್ಲು ಉಳಿಯಿತು, ಆ ಬಿಳುಪನ್ನೇ ಮುಂದಿನವರು ಶುದ್ಧ ಸೌಂದರ್ಯವೆಂದು ಹಿಡಿದರು. ಅಕಾಡೆಮಿಗಳ ನೆರಳು ಬೆಳಕಿನ ಕ್ರಮವೂ ಬಿಳಿ ಪ್ಲಾಸ್ಟರ್‌ನಿಂದಲೇ ಬಂದದ್ದು. ಬಿಳಿ ಎರಕದ ಮೇಲೆ ನೆರಳಿನ ಹಂತಗಳು ಮೆಲ್ಲಗೆ ಇಳಿಯುತ್ತವೆ. ಕಂದು, ಕಪ್ಪು ಮೈಯಲ್ಲಿ ಬಣ್ಣವೇ ಗಾಢವಾಗಿರುವುದರಿಂದ ನಡುವಿನ ಹಂತಗಳು ಒಂದಕ್ಕೊಂದು ಹತ್ತಿರ ಬರುತ್ತವೆ, ಬೆವರು ಅಥವಾ ಎಣ್ಣೆಯ ಹೊಳಪು ಚೂಪಾಗಿ ಎದ್ದು ಕಾಣುತ್ತದೆ.

ಬಿಳಿ ಹಾಳೆಯ ಮೇಲೆ ಇದನ್ನು ಹಿಡಿಯಲು ಹೋಗಿ ಇಡೀ ಮೈಗೆ ಇದ್ದಿಲು ತೀಡಿ ಕೊಳೆ ಮಾಡುವುದಕ್ಕಿಂತ, ಪುಸ್ತಕಕ್ಕೆ ರಟ್ಟು ಹಾಕುವ ಬ್ರೌನ್ ಪೇಪರ್ ತೆಗೆದುಕೊಳ್ಳಿ. ಕಾಗದವೇ ಮೈಬಣ್ಣವಾಗುತ್ತದೆ. ನೆರಳಿಗೆ ಇದ್ದಿಲು, ಹೊಳಪಿಗೆ ಮಾತ್ರ ನಾಲ್ಕಾರು ಕಡೆ ಬಿಳಿ ಸೀಮೆಸುಣ್ಣ. ಇದೂ ಪುನರುಜ್ಜೀವನ ಕಾಲದವರಿಂದಲೇ ಬಂದ ವಿದ್ಯೆ. ಡ್ಯೂರರ್ 1506ರಲ್ಲಿ ವೆನಿಸ್‌ನಲ್ಲಿದ್ದಾಗ ಅಲ್ಲಿನ ನೀಲಿ ಕಾಗದದ ಮೇಲೆ ಹೀಗೆಯೇ ಬರೆದ.

10. ಮಾಡೆಲ್‌ಗೆ ಗೌರವ ಮೊದಲು, ಚಿತ್ರ ಆಮೇಲೆ

ಪ್ರಾಚೀನರಿಂದ ಆಧುನಿಕರವರೆಗೆ ಇಷ್ಟೆಲ್ಲ ಹೇಳಿದ್ದು ಎದುರಿಗೆ ಒಬ್ಬರು ಅಲುಗಾಡದೆ ನಿಂತಿದ್ದರಿಂದ ಸಾಧ್ಯವಾದದ್ದು. ಅವರಲ್ಲಿ ಬಹುಪಾಲು ಮಂದಿಯ ಹೆಸರು ಎಲ್ಲೂ ಉಳಿದಿಲ್ಲ. ನಮ್ಮ ಕಲಾಶಾಲೆಗಳಲ್ಲಿ ಲೈಫ್ ಸ್ಟಡಿಗೆ ಬಂದು ಕೂರುವವರು ಸಾಮಾನ್ಯವಾಗಿ ಬಡವರು, ವಯಸ್ಸಾದವರು. ಹೆಚ್ಚಿನ ಕಡೆ ಬಟ್ಟೆ ತೊಟ್ಟೇ ಕೂರುತ್ತಾರೆ, ಅದರಿಂದ ಕಲಿಕೆಗೆ ಕೊರತೆಯಾಗುವುದು ನಿಜ. ಆದರೂ ಬೆತ್ತಲೆ ಕೂರಲು ಯಾರನ್ನೂ ಹಣದ ಆಸೆ ತೋರಿಸಿ ಒಪ್ಪಿಸಬಾರದು. ತಾವಾಗಿ, ಏನೆಂದು ಪೂರ್ತಿ ತಿಳಿದು ಒಪ್ಪಿದವರು ಮಾತ್ರ ಬರಲಿ.

ಕಲಾಶಾಲೆ ನಡೆಸುವವರಲ್ಲಿ ನನ್ನ ವಿನಂತಿ ಇದು. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಕೊಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ವಿಶ್ರಾಂತಿ, ಕುಡಿಯಲು ನೀರು, ಚಳಿಗಾಲದಲ್ಲಿ ಹೀಟರ್ ಇರಲಿ. ಮೊಬೈಲ್ ಫೋನುಗಳು ತರಗತಿಯ ಹೊರಗೇ ಉಳಿಯಲಿ, ಮಾಡೆಲ್‌ನ ಅನುಮತಿಯಿಲ್ಲದೆ ಒಂದು ಫೋಟೋವನ್ನೂ ತೆಗೆಯಕೂಡದು. ಯಾರೂ ಅವರ ಮೈಯ ಬಗ್ಗೆ ಮಾತಾಡಬಾರದು, ಭಂಗಿ ತಿದ್ದಲು ಮುಟ್ಟಬಾರದು, ಬಾಯಿಮಾತಿನಲ್ಲಿ ಕೇಳಿದರೆ ಸಾಕು. ಸಂಬಳವನ್ನು ಅಂದಂದೇ ಕೈಗೆ ಕೊಡಿ, ದಿನಗೂಲಿಗಿಂತ ಹೆಚ್ಚು ಕೊಡಿ. ಕಲಿಯುವವರು ತರಗತಿ ಮುಗಿದ ಮೇಲೆ ತಮ್ಮ ಹಾಳೆಗಳನ್ನು ಅವರಿಗೆ ತೋರಿಸಿ, ಅವರು ಇಷ್ಟಪಟ್ಟದ್ದು ಯಾವುದಾದರೂ ಇದ್ದರೆ ಅದನ್ನು ಅವರಿಗೇ ಕೊಡಿ.